ಮೈನಸ್ ಎರಡು ಎಲ್ಲಿಂದ ಬಂತು

ಗಂಗಾವತಿಯಲ್ಲಿ ನಾನು ಗಣಿತ ಕಲಿಸುವ ಪದವಿಪೂರ್ವ ಕಾಲೇಜಿನಲ್ಲಿ, ಮೊದಲ ವರ್ಷ ವಿಜ್ಞಾನಕ್ಕೆ ಸೇರಿದ ಮಕ್ಕಳಿಗೆ ಆರಂಭದ ಕೆಲವು ವಾರ ಹೊಸ ಪಾಠ ಮಾಡುವುದಿಲ್ಲ. ಹತ್ತನೇ ತರಗತಿಯವರೆಗೆ ಕಲಿತದ್ದರಲ್ಲಿ ಯಾವುದು ಗಟ್ಟಿ ಇದೆ, ಯಾವುದು ಸಡಿಲ ಇದೆ ಎಂದು ನೋಡಿ, ಸಡಿಲ ಇದ್ದದ್ದನ್ನು ಬಿಗಿ ಮಾಡುತ್ತೇವೆ. ಬ್ರಿಡ್ಜ್ ಕೋರ್ಸು ಎಂದು ಅದರ ಹೆಸರು. ಕೊನೆಗೊಂದು ಪರೀಕ್ಷೆ ಇರುತ್ತದೆ. ಅದರಲ್ಲಿ ಪಾಸಾಗದವರ ತಂದೆತಾಯಿಯನ್ನು ಕರೆಸಿ, ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳಿರೆಂದು ಪ್ರಾಚಾರ್ಯರು ತಿಳಿಹೇಳುತ್ತಾರೆ. ಒತ್ತಾಯವೇನಿಲ್ಲ. ಆದರೆ ಹಾಗೆ ಹೇಳಿಸಿಕೊಂಡ ಮೇಲೂ ವಿಜ್ಞಾನದಲ್ಲೇ ಉಳಿದವರನ್ನು ನಾನು ಕಂಡದ್ದು ಕಡಿಮೆ.

ಆ ವರ್ಷ ಸರಳರೇಖೆಯ ಸಮೀಕರಣ ಬರೆಯುವುದರಿಂದ ಶುರುಮಾಡಿದೆ. ಪ್ಲಸ್-ಮೈನಸ್, ಭಾಗಾಕಾರ, ಗ್ರಾಫು, ಅಕ್ಷರ ಹಾಕಿ ಬರೆಯುವುದು, ಎಲ್ಲವೂ ಅದೊಂದರಲ್ಲೇ ಬರುತ್ತವೆ. ಎಲ್ಲಿ ಎಡವುತ್ತಾರೆಂಬುದು ಬೇಗ ತಿಳಿಯುತ್ತದೆ. ನಮ್ಮ ಗ್ರಾಫ್ ಬೋರ್ಡಿನ ಚೌಕಗಳು ಅಳಿಸಿ ಹೋಗಿದ್ದವು. ಮನೆಯಿಂದ ದಪ್ಪ ದಾರ ತಂದು, ಸೀಮೆಸುಣ್ಣದ ಪುಡಿಯಲ್ಲಿ ಹೊರಳಿಸಿ, ಎರಡು ತುದಿಯನ್ನು ಇಬ್ಬರು ಹುಡುಗಿಯರಿಗೆ ಹಿಡಿಸಿ, ನಡುವೆ ನಾನು ಎಳೆದು ಬಿಟ್ಟೆ. ಫಟ್ ಎಂದು ಬಿಳಿ ಗೆರೆ ಬೀಳುತ್ತಿತ್ತು. ಪ್ರತಿ ಗೆರೆಗೂ ಹಿಂದಿನ ಬೆಂಚಿನವರು ಓ ಎನ್ನುತ್ತಿದ್ದರು. ಅರ್ಧ ಪೀರಿಯಡ್ಡು ಅದಕ್ಕೇ ಹೋಯಿತು. ನನ್ನ ಸೀರೆ, ಅವರ ಯೂನಿಫಾರಂ ಎಲ್ಲ ಸುಣ್ಣ.

ಗೆರೆಯನ್ನು ನೋಡಿ ಸಮೀಕರಣ ಬರೆಯುವುದಕ್ಕೆ ನಾನು ಬಹಳ ವರ್ಷಗಳಿಂದ ಒಂದು ಸುಲಭದ ದಾರಿ ಹೇಳಿಕೊಡುತ್ತ ಬಂದಿದ್ದೆ. ನಾನೇ ಅದಕ್ಕೆ 'ಮೆಟ್ಟಿಲು' ಎಂದು ಹೆಸರಿಟ್ಟಿದ್ದೆ. ಗೆರೆಯು ಚೌಕದ ಮೂಲೆಯನ್ನು ಸರಿಯಾಗಿ ಮುಟ್ಟುವ ಎರಡು ಬಿಂದು ಹುಡುಕಬೇಕು. ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲಿನ ಹಾಗೆ ಹೋಗಬೇಕು. ಎತ್ತರದ ಚೌಕಗಳನ್ನು ಅಡ್ಡ ಚೌಕಗಳಿಂದ ಭಾಗಿಸಬೇಕು. ಗೆರೆ ಏರುತ್ತಿದ್ದರೆ ಪ್ಲಸ್, ಇಳಿಯುತ್ತಿದ್ದರೆ ಮೈನಸ್. ಸಿಕ್ಕಿದ್ದು ಸ್ಲೋಪು, ಅಂದರೆ m. ಆಮೇಲೆ ನಿಂತ ಅಕ್ಷವನ್ನು ಗೆರೆ ಎಲ್ಲಿ ಕಡಿಯುತ್ತದೆ ನೋಡಿದರೆ c. ಎರಡನ್ನೂ y = mx + c ಎಂಬಲ್ಲಿ ಇಟ್ಟರೆ ಮುಗಿಯಿತು. ಮಕ್ಕಳಿಗೆ ಇದು ಬಹಳ ಸೇರುತ್ತಿತ್ತು.

ಮೊದಲ ವಾರದ ಕೊನೆಗೆ ಚೀಟಿ ಪರೀಕ್ಷೆ ಮಾಡಿದೆ. ತಿದ್ದುತ್ತ ಕುಳಿತಾಗ ಒಬ್ಬ ಹುಡುಗಿಯ ಹಾಳೆಯಲ್ಲಿ ಕೈ ನಿಂತಿತು. ಬೋರ್ಡಿನ ಗೆರೆ y = 2x + 1. ಅವಳು ಬರೆದದ್ದು y = –2x + 1. ಮುಂದಿನದು y = –x + 4 ಆಗಬೇಕಿತ್ತು, ಅವಳದು y = x + 4. ಗ್ರಾಫಿನ ಎಲ್ಲ ಉತ್ತರಗಳೂ ಹೀಗೇ. ಅಂಕಿ ಸರಿ, c ಸರಿ, m ನ ಚಿಹ್ನೆ ಮಾತ್ರ ತಿರುಗುಮುರುಗು. ಮಲಗಿದ ಗೆರೆಯೊಂದಿತ್ತು, y = 3. ಅದು ಸರಿ. ಎರಡು ಬಿಂದುಗಳನ್ನು ಅಂಕಿಯಲ್ಲಿ ಕೊಟ್ಟು ಸಮೀಕರಣ ಕೇಳಿದ್ದೆ. ಅದೂ ಸರಿ.

ಆ ಹುಡುಗಿ ಹತ್ತನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಕನ್ನಡ ಮಾತು ಎಲ್ಲರ ಹಾಗೆಯೇ ಸರಾಗ, ಓದುವುದು ಸ್ವಲ್ಪ ನಿಧಾನ. ಮುಂದೆ ಫಾರ್ಮಸಿ ಓದಬೇಕೆಂದು ಸೇರಿದ್ದಳು. ನಮ್ಮಲ್ಲಿ ವಿಜ್ಞಾನಕ್ಕೆ ಒಂದೇ ಗುಂಪು. ಗಣಿತ ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳುತ್ತೇನೆ ಎನ್ನುವ ಹಾಗಿಲ್ಲ.

ಹಾಳೆ ಕೊಟ್ಟ ಮರುದಿನವೇ ಅವಳ ತಂದೆ ಬಂದರು. ಗಾಂಧಿ ಚೌಕದ ಹತ್ತಿರ ಟೇಲರ್ ಅಂಗಡಿ ಇಟ್ಟಿದ್ದಾರೆ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತರು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಮೇಡಂರಿ, ಲೆಕ್ಕದಾಗ ಕಡಿಮಿ ಬಂದಾವಂತ ಮಗಳು ಊಟ ಬಿಟ್ಟಾಳ್ರಿ. ನಾ ಖರೇ ಹೇಳ್ತೀನಿ. ಸೈನ್ಸ್ ಬ್ಯಾಡ ಅನ್ನಾಂವ ಅಲ್ಲ ನಾ. ಆದ್ರ ಮನ್ಯಾಗ ಆಕಿ ದಾದಿ, ಅಂದ್ರ ನಮ್ಮವ್ವ, ಅದಾರ, ನಮ್ಮ ಅಣ್ಣಗೋಳ ಅದಾರ. ಒಂದ್ ಸಲ ಫೇಲ್ ಆದ್ಲಂದ್ರ 'ಸಾಕು, ಓದಿದ್ದು' ಅಂತಾರ. ಅವರ ಬಾಯಿ ಮುಚ್ಚಸಾಕ ನನ್ನ ಕೈಲಿ ಆಗಂಗಿಲ್ಲ. ಆರ್ಟ್ಸಿನಾಗ ಪಾಸ್ ಆಕ್ಕಾಳ ಅಂದ್ರ ಈಗ ಹಾಕಿಬಿಡ್ರಿ. ಓದು ನಿಲ್ಲಬಾರ್ದು ನೋಡ್ರಿ, ಅಷ್ಟ ನಂದು."

"ಪರೀಕ್ಷಾ ಆಗಲಿ ತಡೀರಿ," ಎಂದೆ. "ಆಕಿಗೆ ಲೆಕ್ಕ ಬರ್ತೈತಿ. ಒಂದು ಕಡೆ ಏನೋ ಸಿಕ್ಕೊಂಡೈತಿ."

"ಏನು ಸಿಕ್ಕೊಂಡೈತ್ರಿ?"

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವರು ತಲೆ ಆಡಿಸಿ ಹೋದರು.

ನನ್ನ ಮೊದಲ ಅನುಮಾನ ಮೈನಸ್ ಲೆಕ್ಕದ ಮೇಲೆ. ಅರ್ಧಕ್ಕರ್ಧ ಮಕ್ಕಳು ಎಡವುವುದು ಅಲ್ಲಿಯೇ. ಮಧ್ಯಾಹ್ನದ ಬಿಡುವಿನಲ್ಲಿ ಅವಳನ್ನು ಕರೆದು, ನನ್ನ ಡಬ್ಬಿಯ ರೊಟ್ಟಿ-ಶೇಂಗಾ ಹಿಂಡಿ ಅರ್ಧ ಅವಳ ಕಡೆ ಸರಿಸಿ, ಬಾಯಿಲೆಕ್ಕ ಕೇಳಿದೆ. ಮೂರರಿಂದ ಮೈನಸ್ ಐದು ಕಳೆದರೆ? ಮೈನಸ್ ನಾಲ್ಕರಿಂದ ಎರಡು ಕಳೆದರೆ? ಮೈನಸ್ ಎಂಟನ್ನು ಮೈನಸ್ ಎರಡರಿಂದ ಭಾಗಿಸಿದರೆ? ನಾನು ರೊಟ್ಟಿ ಮುರಿಯುವುದರೊಳಗೆ ಉತ್ತರ ಬರುತ್ತಿತ್ತು. ಎರಡನೆಯ ಅನುಮಾನ, ಸೂತ್ರವನ್ನು ತಿರುಗಿಸಿ ಕಲಿತಿದ್ದಾಳೆಂದು. ಬರೆಸಿ ನೋಡಿದೆ. ಸರಿಯಾಗಿಯೇ ಬರೆದಳು. ಮೂರನೆಯದು, ಕಣ್ಣಿನ ತೊಂದರೆ ಇರಬಹುದೆಂದು ಹಿಂದಿನ ಬೆಂಚಿನಿಂದ ಮುಂದಕ್ಕೆ ಕೂಡಿಸಿದೆ. ಅಲ್ಲಿಯೂ ಅದೇ.

ಇಷ್ಟಾಗುವಾಗ ಎರಡನೆಯ ವಾರ ಮುಗಿಯುತ್ತ ಬಂದಿತ್ತು. ಪಾಠ ತಿಳಿಯದೆ ಮಾಡುವ ತಪ್ಪು ನೂರು ತರಹ ಇರುತ್ತದೆ, ಕಂಗೆಡಿಸುವುದಿಲ್ಲ. ಆದರೆ ಇದು ಒಂದೇ ತರಹದ ತಪ್ಪು. ಅಂದರೆ ಅವಳು ಏನೋ ಒಂದನ್ನು ಪ್ರತಿ ಸಲ ಕ್ರಮವಾಗಿ ಮಾಡುತ್ತಿದ್ದಳು. ಆ ಕ್ರಮ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಕೊನೆಗೆ ಬರೆಸುವುದನ್ನು ಬಿಟ್ಟು ಮಾತಾಡಿಸಲು ನಿರ್ಧರಿಸಿದೆ. ತರಗತಿ ಮುಗಿದ ಮೇಲೆ ಅವಳನ್ನೂ ಅವಳ ಬೆಂಚಿನ ಗೆಳತಿಯನ್ನೂ ಉಳಿಸಿಕೊಂಡೆ. ಗೆಳತಿ ಹೇಮಗುಡ್ಡದ ಕಡೆಯವಳು, ಬಸ್ಸು ತಡ ಇತ್ತು. ಬೋರ್ಡಿನ ಮೇಲೆ ಮತ್ತೆ y = 2x + 1 ಎಳೆದೆ.

"ಈ ಗೆರಿ ಏರ್ತೈತೋ, ಇಳಿತೈತೋ ಹೇಳವ್ವ."

"ಇಳಿತೈತ್ರಿ ಮಿಸ್."

"ಸರ್ಯಾಗಿ ನೋಡು."

"ನೋಡೇ ಹೇಳಾಕತ್ತೀನ್ರಿ. ಇಳಿತೈತಿ."

ಗೆಳತಿ ಬಾಯಿ ಮುಚ್ಚಿಕೊಂಡು ನಕ್ಕಳು. "ಏ, ನಿನ್ನ ಕಣ್ಣಾಗ ಏನರ ಬಿದ್ದೈತೇನಬೇ? ಹೇಮಗುಡ್ಡ ಹತ್ತಿದಂಗ ಹತ್ತೈತಿ ಆ ಗೆರಿ!"

"ಹತ್ತಾಕಿ ನೀ ಹತ್ತು. ನನಗ ಇಳ್ಯಾಕತ್ತಂಗ ಕಾಣತೈತಿ, ಏನ್ ಮಾಡ್ಲಿ?"

ಅವಳ ದನಿಯಲ್ಲಿ ಹಟ ಇರಲಿಲ್ಲ. ಇದ್ದದ್ದನ್ನು ಹೇಳುತ್ತಿದ್ದಳು, ಅಷ್ಟೇ. ನಾನು ಸೀಮೆಸುಣ್ಣದ ತುಂಡು ಅವಳ ಕೈಗೆ ಕೊಟ್ಟು, "ಎಲ್ಲಿಂದ ಇಳಿತೈತಿ, ಬಂದು ಬೆರಳಿಟ್ಟು ತೋರಸು" ಎಂದೆ.

ಬೋರ್ಡಿನ ಬಲತುದಿಗೆ ಹೋದಳು. (2, 5) ಎಂಬ ಬಿಂದುವಿನ ಮೇಲೆ ಬೆರಳಿಟ್ಟಳು. ಅಲ್ಲಿಂದ ಎಡಕ್ಕೆ ಎರಡು ಚೌಕ, ಕೆಳಕ್ಕೆ ನಾಲ್ಕು ಚೌಕ ಎಣಿಸಿ (0, 1) ರ ಮೇಲೆ ಬೆರಳು ನಿಲ್ಲಿಸಿ, ನನ್ನ ಕಡೆ ತಿರುಗಿದಳು. "ಎರಡು ಅಡ್ಡ, ನಾಕು ಇಳಿತು. ನಾಕು ಭಾಗಿಲೆ ಎರಡು, ಎರಡು. ಇಳಿತು ಅಂತ ಮೈನಸ್. ಮೈನಸ್ ಎರಡು. ನೀವ ಹೇಳೀರಲ್ರಿ ಮಿಸ್?"

ಹೌದು, ನಾನೇ ಹೇಳಿದ್ದೆ. ಯಾವ ತುದಿಯಿಂದ ಎಂದು ಮಾತ್ರ ಹೇಳಿರಲಿಲ್ಲ. ಹೇಳಬೇಕೆಂದು ತೋಚಿರಲೂ ಇಲ್ಲ. ಕನ್ನಡ ಓದುವವರ ಕಣ್ಣು ಪುಟದ ಎಡದಿಂದ ಶುರುವಾಗುತ್ತದೆ. ನಾನು ಗೆರೆ ಎಳೆಯುವುದೂ ಎಡದಿಂದ. ಹತ್ತು ವರ್ಷ ಉರ್ದುವನ್ನು ಬಲದಿಂದ ಎಡಕ್ಕೆ ಓದಿದ ಹುಡುಗಿಯ ಕಣ್ಣು ಬೋರ್ಡಿನ ಬಲದಿಂದ ಶುರುವಾಗಿತ್ತು.

ಮರುದಿನ ಅವಳ ಹತ್ತನೇ ತರಗತಿಯ ಗಣಿತ ಪುಸ್ತಕ ತರಲು ಹೇಳಿದೆ. ವಿವರಣೆಯೆಲ್ಲ ಬಲದಿಂದ ಎಡಕ್ಕೆ, ಸಮೀಕರಣಗಳು ನಮ್ಮ ಹಾಗೆಯೇ ಎಡದಿಂದ ಬಲಕ್ಕೆ. ಗ್ರಾಫಿನ ಅಕ್ಷಗಳೂ ನಮ್ಮವೇ, ಬಲಕ್ಕೆ ಹೋದಂತೆ x ಹೆಚ್ಚುತ್ತದೆ. ಅಲ್ಲಿ ಅವಳಿಗೆ ಎಂದೂ ತೊಂದರೆ ಆಗಿರಲಿಲ್ಲ. ಅವಳ ಮಾಸ್ತರು ಬಿಂದು ಗುರುತಿಸಿ ಗೆರೆ ಎಳೆಯುವುದನ್ನು ಕಲಿಸಿದ್ದರು. ಮೆಟ್ಟಿಲು ಎಣಿಸುವುದು ಅಲ್ಲಿ ಇರಲೇ ಇಲ್ಲ. ಅದು ನನ್ನ ತರಗತಿಗೆ ಬಂದ ಮೇಲೆ ಹತ್ತಿಕೊಂಡದ್ದು.

ಕಾರಣ ಸಿಕ್ಕಿತಲ್ಲ, ಇನ್ನೇನು ಎನ್ನಿಸಿತು. "ನೋಡವ್ವ, ಯಾವಾಗ್ಲೂ ಎಡಗಡೆಯಿಂದ ಎಣಸು. ಅಷ್ಟ ಸಾಕು," ಎಂದು ಹೇಳಿ ಹಗುರಾದೆ. ಎರಡು ದಿನ ಅವಳ ಉತ್ತರಗಳೆಲ್ಲ ಸರಿ ಬಂದವು. ಮನೆಗೆ ಹೋಗುವಾಗ ಮಾರ್ಕೆಟ್ಟಿನಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋದೆ, ಅಷ್ಟು ಸಮಾಧಾನ ನನಗೆ.

ಮೂರನೆಯ ವಾರದ ಚೀಟಿ ಪರೀಕ್ಷೆಯಲ್ಲಿ ಸಮಯ ಕಡಿಮೆ ಕೊಟ್ಟೆ. ಅಂತಿಮ ಪರೀಕ್ಷೆಯ ಗಡಿಬಿಡಿ ಅಭ್ಯಾಸವಾಗಲೆಂದು. ಅವಳ ಹಾಳೆ ಮೊದಲಿಗಿಂತ ಕೆಟ್ಟಿತ್ತು. ಕೆಲವು ಚಿಹ್ನೆ ಸರಿ, ಕೆಲವು ತಪ್ಪು. ಈ ಸಲ ಕ್ರಮವೂ ಉಳಿದಿರಲಿಲ್ಲ. ಪ್ಲಸ್ಸಿನ ಮೇಲೆ ಮೈನಸ್ ಗೀಚಿ, ಅದನ್ನು ಹೊಡೆದು, ಮತ್ತೆ ಪ್ಲಸ್ ಮಾಡಿದ್ದಳು.

ಕರೆದು ಕೇಳಿದೆ. ತಲೆ ಎತ್ತದೆ ಹೇಳಿದಳು:

"ಅವಸರದಾಗ ಎಲ್ಲಿಂದ ಶುರು ಮಾಡಿದ್ನೋ ನೆನಪ ಇರಂಗಿಲ್ರಿ ಮಿಸ್. ನಂದು ಹೆಂಗೂ ಉಲ್ಟಾನ ಬರ್ತೈತಿ ಅಂತ, ಬಂದ ಉತ್ತರಾನ ಮತ್ತ ಉಲ್ಟಾ ಮಾಡಿ ಬರದ್ನಿ."

ಮೊದಲಿದ್ದದ್ದು ಒಂದು ಸಣ್ಣ ತೊಡಕು. ನಾನು ಹೇಳಿದ ಪರಿಹಾರದಿಂದ ಅವಳಿಗೆ ತನ್ನ ಕಣ್ಣಿನ ಮೇಲೆಯೇ ನಂಬಿಕೆ ಹೋಗಿತ್ತು. ಲೆಕ್ಕ ಮಾಡುವವರಿಗೆ ಚಿಹ್ನೆ ತಪ್ಪುವುದಕ್ಕಿಂತ ಇದು ಕೆಟ್ಟದ್ದು.

ಸಂಜೆ ಬಸ್ಸಿನಲ್ಲಿ ಕುಳಿತು ಅದನ್ನೇ ತಿರುವಿ ಹಾಕಿದೆ. ಕಾಲುವೆಗೆ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ಗೆರೆಗೇನೂ ಎಡತುದಿ, ಬಲತುದಿ ಎಂಬ ಹಂಗಿಲ್ಲ. ಎರಡು ಬಿಂದುಗಳಲ್ಲಿ ಯಾವುದನ್ನು ಮೊದಲು ಹಿಡಿದರೂ, y ಗಳನ್ನು ಯಾವ ಕ್ರಮದಲ್ಲಿ ಕಳೆದೆವೋ ಅದೇ ಕ್ರಮದಲ್ಲಿ x ಗಳನ್ನೂ ಕಳೆದರೆ, ಸ್ಲೋಪು ಒಂದೇ ಬರುತ್ತದೆ. ಬಲದಿಂದ ಬಂದರೆ ಮೇಲೆ ಮೈನಸ್ ನಾಲ್ಕು, ಕೆಳಗೆ ಮೈನಸ್ ಎರಡು, ಉತ್ತರ ಎರಡು. ಎಡದಿಂದ ಬಂದರೆ ನಾಲ್ಕು, ಎರಡು, ಉತ್ತರ ಎರಡು. ಬಲದಿಂದ ನೋಡುವ ಹುಡುಗಿಯನ್ನು ಎಡಕ್ಕೆ ತಿರುಗಿಸುವ ಅಗತ್ಯವೇ ಇರಲಿಲ್ಲ. ಬೇಕಿದ್ದದ್ದು ಮೆಟ್ಟಿಲನ್ನೇ ಬಿಡುವುದು.

ಅವಳೊಬ್ಬಳಿಗೇ ಬೇರೆ ರೀತಿ ಹೇಳಿಕೊಡಬಹುದಿತ್ತು. ಆದರೆ ಹಾಗೆ ಮಾಡಿದರೆ 'ನಂದು ಉಲ್ಟಾ' ಎನ್ನುವುದು ಅವಳ ತಲೆಯಲ್ಲಿ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಇಡೀ ತರಗತಿಗೇ ಮೆಟ್ಟಿಲು ಬಿಡಿಸುವುದೆಂದು ತೀರ್ಮಾನಿಸಿ, ಬೆಳಿಗ್ಗೆ ಪ್ರಾಚಾರ್ಯರಿಗೆ ಹೇಳಿದೆ. ಅವರು ಭೌತಶಾಸ್ತ್ರದವರು.

"ಮೇಡಮ್, ಪರೀಕ್ಷಾ ಬಾಗಲಿಗೆ ಬಂದೈತಿ. ಒಬ್ಬಾಕಿ ಸಲುವಾಗಿ ಇಡೀ ಕ್ಲಾಸಿಗೆ ಕಲಿತಿದ್ದು ಮರಿ ಅಂತೀರೇನ್ರಿ? ಪ್ರಶ್ನಿಪತ್ರಿಕಿ ನಿಮ್ಮ ಕೈಯಾಗೂ ಇಲ್ಲ."

ಅದು ನಿಜ. ನಮ್ಮ ಪ್ರಶ್ನೆಪತ್ರಿಕೆಯನ್ನು ಕೊಪ್ಪಳದ ಕಡೆಯ ಇನ್ನೊಂದು ಕಾಲೇಜಿನವರು ತಯಾರಿಸಿ ಕಳಿಸುತ್ತಾರೆ, ಅವರದನ್ನು ನಾವು. ಗ್ರಾಫಿನ ಪ್ರಶ್ನೆ ಎಷ್ಟು ಬರುತ್ತವೆಂದು ನನಗೂ ಗೊತ್ತಿರಲಿಲ್ಲ.

"ಸರ್, ಅಡ್ಡಕ್ಕ ಒಂದು ಅಳತಿ, ನಿಂತಿದ್ದಕ್ಕ ಒಂದು ಅಳತಿ ಇರೋ ಗ್ರಾಫ್ ನಿಮ್ಮ ಲ್ಯಾಬಿನಾಗ ದಿನಾ ಬರ್ತಾವಿಲ್ಲ? ಮೆಟ್ಟಿಲ ಎಣಿಸಿ ಅವನ್ನ ಹೆಂಗ ಬರೀತಾರ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅದೂ ಖರೇನ. ನೋಡ್ರಿ, ನಿಮ್ಮ ಜವಾಬ್ದಾರಿ."

ತರಗತಿಯಲ್ಲಿ ಹೊಸ ಗ್ರಾಫ್ ಎಳೆದೆ. ನಳದ ಕೆಳಗಿಟ್ಟ ಡ್ರಮ್ಮು. ಅಡ್ಡ ಅಕ್ಷದಲ್ಲಿ ಒಂದು ಚೌಕಕ್ಕೆ ಒಂದು ನಿಮಿಷ. ನಿಂತ ಅಕ್ಷದಲ್ಲಿ ಒಂದು ಚೌಕಕ್ಕೆ ಹತ್ತು ಸೆಂಟಿಮೀಟರ್ ನೀರು. ಗೆರೆ (0, 20) ರಿಂದ (4, 60) ಕ್ಕೆ. ಸಮೀಕರಣ ಬರೆಯಿರಿ ಎಂದೆ. ಎಲ್ಲರೂ ಮೆಟ್ಟಿಲು ಎಣಿಸಿದರು. ನಾಲ್ಕು ಅಡ್ಡ, ನಾಲ್ಕು ಮೇಲೆ, ಸ್ಲೋಪು ಒಂದು. y = x + 20.

"ಹಂಗಾದ್ರ ನಾಕನೇ ನಿಮಿಷಕ್ಕ ಎಷ್ಟ್ ನೀರು?"

ಲೆಕ್ಕ ಹಾಕಿದರು. ಇಪ್ಪತ್ತನಾಲ್ಕು. ಬೋರ್ಡಿನ ಗೆರೆ ಅರವತ್ತರ ಮೇಲೆ ಕುಳಿತಿತ್ತು. ಹೇಮಗುಡ್ಡದ ಕಡೆಯ ಹುಡುಗಿ, "ಡ್ರಮ್ಮು ತೂತು ಬಿದ್ದೈತ್ರಿ ಮಿಸ್" ಎಂದಳು. ಎಲ್ಲರೂ ನಕ್ಕರು. ನಕ್ಕ ಮೇಲೆ ನಿಂತ ಅಕ್ಷದ ಅಂಕಿಗಳನ್ನು ಮತ್ತೆ ಓದಿದರು, ಒಂದು ಚೌಕಕ್ಕೆ ಹತ್ತು.

ಅಂದಿನಿಂದ ಹೊಸ ಕಟ್ಟಳೆ. ಚೌಕ ಎಣಿಸುವ ಹಾಗಿಲ್ಲ. ಎರಡು ಬಿಂದು ಆರಿಸಿ, ಅವುಗಳ ಅಂಕಿಗಳನ್ನು ಒಂದರ ಕೆಳಗೊಂದು ಬರೆಯಬೇಕು. ಮೊದಲು ಯಾವುದನ್ನು ಬರೆಯುತ್ತೀರೋ ಅದು ನಿಮಗೆ ಬಿಟ್ಟದ್ದು. ಮೇಲಿನದರಿಂದ ಕೆಳಗಿನದನ್ನು ಕಳೆಯಬೇಕು, y ಗೂ ಹಾಗೇ, x ಗೂ ಹಾಗೇ. ಏರುತ್ತದೆ, ಇಳಿಯುತ್ತದೆ ಎಂಬ ಮಾತೇ ಬೇಡ. ಚಿಹ್ನೆ ತಾನಾಗಿಯೇ ಬರುತ್ತದೆ. ಸಮೀಕರಣ ಬರೆದ ಮೇಲೆ ಗೆರೆಯ ಮೇಲಿನ ಮೂರನೆಯ ಬಿಂದುವನ್ನು ಅದರಲ್ಲಿ ಇಟ್ಟು ನೋಡಬೇಕು. ಎರಡೂ ಬದಿ ಸಮವಾದರೆ ಮಾತ್ರ ಉತ್ತರದ ಅಡಿಗೆ ಗೆರೆ ಎಳೆಯಬೇಕು.

ಗೊಣಗಾಟ ಇತ್ತು. "ಮೆಟ್ಟಿಲ ಛಲೋ ಇತ್ತಲ್ರಿ ಮಿಸ್, ಇದು ಭಾಳ ಬರಿಯೋದು" ಎಂದು ದಿನಾ ಯಾರಾದರೂ ಹೇಳುತ್ತಿದ್ದರು. ನಿಧಾನವೂ ಹೌದು. ನಮ್ಮ ಹುಡುಗಿ ಇನ್ನೂ ನಿಧಾನ. ಅವಳು ಒಂದು ಗೆರೆಗೆ ಎರಡು ಸಲ ಲೆಕ್ಕ ಮಾಡುತ್ತಿದ್ದಳು, ಒಮ್ಮೆ ಬಲದ ಬಿಂದು ಮೇಲಿಟ್ಟು, ಒಮ್ಮೆ ಎಡದ್ದನ್ನು. "ಒಂದ ಸಲ ಸಾಕವ್ವ" ಎಂದರೆ, "ಎರಡೂ ಒಂದ ಬರತಾವಲ್ರಿ, ನೋಡಾಕ ಛಲೋ ಅನಸ್ತೈತಿ" ಎನ್ನುತ್ತಿದ್ದಳು. ಪರೀಕ್ಷೆಯಲ್ಲಿ ಸಮಯ ಸಾಲದು ಎಂಬ ಹೆದರಿಕೆ ನನಗೆ. ಆದರೆ ತಡೆಯಲಿಲ್ಲ. ಅವಳಿಗೆ ಆಗ ಬೇಕಾದದ್ದು ಆ ಎರಡನೆಯ ಸಲವೇ.

ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ ಬಿಚ್ಚಿ ನೋಡಿದರೆ ಗ್ರಾಫು ನಾನು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಮೇಲ್ವಿಚಾರಣೆ ನನ್ನದೇ. ಅವಳ ಬೆಂಚಿನ ಹತ್ತಿರ ಬೇಕೆಂದೇ ಹೋಗಲಿಲ್ಲ. ಗಂಟೆ ಹೊಡೆದಾಗ ಅವಳಿನ್ನೂ ಬರೆಯುತ್ತಿದ್ದಳು. ಹಾಳೆ ಕಸಿದುಕೊಳ್ಳಬೇಕಾಯಿತು.

ತಿದ್ದಿದೆ. ಕೊನೆಯ ಎರಡು ಪ್ರಶ್ನೆ ಖಾಲಿ. ಒಂದು ಕಡೆ ಗುಣಾಕಾರ ತಪ್ಪಿತ್ತು. ಮೂರನೆಯ ಬಿಂದು ಹೊಂದಲಿಲ್ಲವೆಂದು ಅವಳೇ ಬದಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿದ್ದಳು. ಉಳಿದದ್ದರಲ್ಲಿ m ನ ಚಿಹ್ನೆ ಎಲ್ಲಿಯೂ ತಪ್ಪಿರಲಿಲ್ಲ. ಪಾಸಿನ ಗೆರೆ ದಾಟಿದ್ದಳು, ಬಹಳ ಮೇಲೇನಲ್ಲ.

ಫಲಿತಾಂಶ ಹಚ್ಚಿದ ದಿನ ಅವಳ ತಂದೆ ಬಂದರು. ಕಲಾ ವಿಭಾಗಕ್ಕೆ ಬದಲಾಯಿಸುವ ಅರ್ಜಿಯನ್ನು ಯಾರಿಂದಲೋ ಬರೆಸಿಕೊಂಡೇ ಬಂದಿದ್ದರು. ಮಗಳು ಪಕ್ಕದಲ್ಲಿ ನಿಂತಿದ್ದಳು.

"ಪಾಸ್ ಆಗ್ಯಾಳ ಅಂದ್ರು. ಆದ್ರ ಅಂಚಿಗೆ ಆಗ್ಯಾಳಂತಲ್ರಿ. ಮುಂದ ಸೈನ್ಸಿನಾಗ ಪಾಸ್ ಆಕ್ಕಾಳಂತ ನೀವು ಬರ್ದು ಕೊಡ್ತೀರೇನ್ರಿ?"

"ಬರ್ದು ಕೊಡಾಕ ಬರಂಗಿಲ್ರಿ. ಯಾರ ಬಗ್ಗೆನೂ ಕೊಡಾಕ ಬರಂಗಿಲ್ಲ," ಎಂದೆ. ಆಮೇಲೆ ಅವಳ ಉತ್ತರ ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟೆ. "ಆಕಿನ್ನ ಕೇಳ್ರಿ, ಇದನ್ನ ಹೆಂಗ ಮಾಡಿದಿ ಅಂತ."

ಅವರು ಮಗಳ ಕಡೆ ನೋಡಿದರು. ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ಬಗ್ಗಿ ಗ್ರಾಫಿನ ಮೇಲೆ ಬೆರಳಿಟ್ಟಳು. ಮನೆಯ ಮಾತಿನಲ್ಲಿ ಹೇಳುತ್ತ ಹೋದಳು. ಬಲತುದಿಯಿಂದ ಬಂದು ಕಳೆದು ಭಾಗಿಸಿದಳು. ಮತ್ತೆ ಎಡತುದಿಯಿಂದ ಬಂದು ಕಳೆದು ಭಾಗಿಸಿದಳು.

"ಇಧರ್ ಸೆ ಆಯೆ ತೋ ಭೀ, ಉಧರ್ ಸೆ ಆಯೆ ತೋ ಭೀ, ಏಕೀಚ್ ಆತಾ ಅಬ್ಬಾ."

"ಏಕೀಚ್?" ಎಂದರು ಅವರು, ನನ್ನ ಕಡೆ ತಿರುಗಿ. "ಎರಡೂ ಕಡಿಂದ ಒಂದ ಬರ್ತೈತೇನ್ರಿ?"

"ಒಂದ ಬರ್ತೈತ್ರಿ."

ಅವರು ಹಾಳೆಯನ್ನು ಇನ್ನಷ್ಟು ಹೊತ್ತು ನೋಡಿದರು. ಅದರಲ್ಲಿ ಅವರಿಗೆ ಏನು ಕಂಡಿತೋ ನನಗೆ ತಿಳಿಯದು. ಮಗಳು ಬೆರಳು ತೆಗೆದಿರಲಿಲ್ಲ, ಅವರು ಆ ಬೆರಳನ್ನೇ ನೋಡುತ್ತಿದ್ದರು ಎನ್ನಿಸುತ್ತದೆ. ಕೈಯಲ್ಲಿದ್ದ ಅರ್ಜಿಯನ್ನು ಎರಡು ಮಡಿಕೆ ಮಾಡಿ ಜುಬ್ಬದ ಕಿಸೆಗೆ ಹಾಕಿಕೊಂಡರು.

"ಲ್ಯಾಬಿಗೆ ಬಿಳಿ ಕೋಟ್ ಬೇಕಂತಲ್ರಿ ಮೇಡಂರಿ," ಎಂದರು. "ತೋಳು ಅರ್ಧ ಇಡ್ಲ್ಯೋ, ಪೂರ್ತಿ ಇಡ್ಲ್ಯೋ?"

"ಪೂರ್ತಿ ಇಡ್ರಿ," ಎಂದೆ. "ಮತ್ತ ಸ್ವಲ್ಪ ದೊಡ್ಡದ ಹೊಲೀರಿ. ಎರಡು ವರ್ಷ ಹಾಕ್ಕೋಬೇಕು."